ಟೀಚರಮ್ಮನ ಸ್ಕೂಟರಿನ ಬ್ರೇಕು

ಹೆದರೋರ ಮೇಲೆ ಹಾವು ಎಸೆದ ಹಾಗೆ, ಬ್ರೇಕಿನ ವಿಷಯಕ್ಕೆ ಹೆದರಿ ಸಾಯುವ ನನ್ನ ಕಣ್ಣಿಗೇ ಈ ಮೂರು ತಾಲ್ಲೂಕಿನ ಬ್ರೇಕಿಲ್ಲದ ಗಾಡಿಗಳೆಲ್ಲ ಬಂದು ಬೀಳುತ್ತವೆ. ಧೈರ್ಯವಂತರಿಗೆ ಇಂಥವು ಯಾಕೆ ಆಗುವುದಿಲ್ಲವೋ ನಾನು ಕಾಣೆ.

ನಾನು ಪಶು ಆಸ್ಪತ್ರೆಯ ನೌಕರ. ಡಾಕ್ಟರಲ್ಲ, ಡಾಕ್ಟರ ಕೈಕೆಳಗಿನವನು. ಆದರೆ ಹಳ್ಳಿಯಲ್ಲಿ ಹಸುವಿಗೆ ಸೂಜಿ ಚುಚ್ಚುವವನು ಯಾರೇ ಆದರೂ ಡಾಕ್ಟರೇ. ಮಂಡ್ಯ, ಮದ್ದೂರು, ಮಳವಳ್ಳಿ ಎಲ್ಲ ಕಡೆಯೂ ಕೆಲಸ ಮಾಡಿದ್ದೇನೆ, ಎಲ್ಲ ಕಡೆಯೂ ಮೋಟಾರ್ ಸೈಕಲ್ಲಿನ ಮೇಲೇ. ಸೀಳಿದ ಗೊರಸು, ಉಬ್ಬಿದ ಹೊಟ್ಟೆ, ಒದೆಯುವ ಎಮ್ಮೆ ಯಾವುದಕ್ಕೂ ನಾನು ಹೆದರಿದವನಲ್ಲ. ಆಸ್ಪತ್ರೆಯಿಂದ ಆ ಎಮ್ಮೆಯ ತನಕ ಹೋಗುವ ದಾರಿಗೆ ಮಾತ್ರ ಹೆದರುತ್ತೇನೆ.

ಈ ವರ್ಷ ಶಾಲೆ ಶುರುವಾಗುವ ಹೊತ್ತಿಗೆ ನನ್ನ ಹೆಂಡತಿಗೆ ಕಿರುಗಾವಲಿನ ಆಚೆಯ ಒಂದು ಹಳ್ಳಿಯ ಶಾಲೆಗೆ ವರ್ಗವಾಯಿತು. ನಮ್ಮ ಮನೆ ಮಳವಳ್ಳಿಯಲ್ಲಿ. ಕಿರುಗಾವಲಿನ ತನಕ ಬಸ್ಸಿಗೇನೂ ಕೊರತೆಯಿಲ್ಲ. ಅಲ್ಲಿಂದ ಮುಂದಕ್ಕೆ ಒಂದು ಬಸ್ಸು ಕೋಳಿ ಕೂಗುವ ಹೊತ್ತಿಗೆ ಹೋಗುತ್ತದೆ, ಇನ್ನೊಂದು ಮಕ್ಕಳು ಊಟಕ್ಕೆ ಕೂತಾಗ. ನಾನೇ ದಿನಾ ಬಿಟ್ಟು ಬರುತ್ತೇನೆ ಅಂದೆ. ಅವಳು ಒಪ್ಪಲಿಲ್ಲ.

"ನೀವು ನಾಯಿ ಕಂಡಲ್ಲೆಲ್ಲ ನಿಲ್ಲಿಸ್ತೀರಿ. ನಾಯಿ ಕಾಣದೇ ಇದ್ರೆ, ಬರಬಹುದು ಅಂತ ನಿಲ್ಲಿಸ್ತೀರಿ. ನಾನೊಂದು ಸ್ಕೂಟರ್ ತಗೋತೀನಿ" ಅಂದಳು.

ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿಗೆ ಹತ್ತಿರ ಬಂದವಳು, ಪಕ್ಕದ ಮನೆಯ ಹುಡುಗಿಯನ್ನು ಗುರುವಾಗಿ ಮಾಡಿಕೊಂಡು ಮೈದಾನದಲ್ಲಿ ಸುತ್ತು ಹೊಡೆದು ಕಲಿತೇ ಬಿಟ್ಟಳು. ಲೈಸೆನ್ಸೂ ಬಂತು, ಸ್ಕೂಟರೂ ಬಂತು. ನನ್ನ ನಿದ್ದೆ ಹೋಯಿತು. ಅವಳು ಸಂಜೆ ಕ್ಷೇಮವಾಗಿ ಮನೆಗೆ ಬರುತ್ತಾಳಾ, ಇಲ್ಲವಾ ಅನ್ನುವುದೊಂದೇ ಚಿಂತೆ. ಅವಳು ಬೆಳಿಗ್ಗೆ ಅಭ್ಯಾಸಕ್ಕೆಂದು ಸ್ಕೂಟರನ್ನು ಗೇಟಿನಿಂದ ಆಚೆಗೆ ತಳ್ಳುವ ಹೊತ್ತಿಗೆ ಸರಿಯಾಗಿ ನನಗೆ ಹಳೆಯದೆಲ್ಲ ನೆನಪಿಗೆ ಬರುತ್ತಿತ್ತು. ಎಚ್ಚರಿಕೆಗೆ ಇರಲಿ ಎಂದು ದಿನಕ್ಕೊಂದು ಹೇಳುತ್ತಿದ್ದೆ. ಅವಳು ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಳ್ಳುತ್ತಾ ಕೇಳಿಸಿಕೊಳ್ಳುತ್ತಿದ್ದಳು, ಅಥವಾ ಹೆಲ್ಮೆಟ್ಟಿನೊಳಗೆ ಏನೂ ಕೇಳಿಸುತ್ತಿರಲಿಲ್ಲವೋ ಏನೋ.

ಕಾಲು ಎತ್ಕಳಿ

ಮಂಡ್ಯದ ಹತ್ತಿರ ಹೊಳಲಿನ ಕಡೆ ಕೆಲಸದಲ್ಲಿದ್ದಾಗಿನ ಮಾತು. ಒಬ್ಬ ರೈತ ಏದುಸಿರು ಬಿಡುತ್ತಾ ಆಸ್ಪತ್ರೆಗೆ ಬಂದ. ಅವನ ಎಮ್ಮೆ ಬೆಳಗಿನಿಂದ ಕರು ಹಾಕಲಾರದೆ ತಿಣುಕುತ್ತಿತ್ತು. ನನ್ನ ಗಾಡಿ ಪಂಕ್ಚರ್ ಅಂಗಡಿಯಲ್ಲಿತ್ತು. ಎಮ್ಮೆಯ ಕಷ್ಟ ಕಾಯುವಂಥದ್ದಲ್ಲ, ಅವನ ಗಾಡಿಯ ಹಿಂದೆಯೇ ಹತ್ತಬೇಕಾಯಿತು. ಹತ್ತುವ ಮೊದಲು ವಾಡಿಕೆಯಂತೆ ಕೇಳಿದೆ.

"ಬ್ರೇಕು ಇದೆಯೇನಪ್ಪ?"

"ಅದೆ ಕಣ್ ಸಾ, ಕುಂತ್ಕಳಿ."

ನಾಲೆಯ ಸೇತುವೆಯ ಹತ್ತಿರ ಎದುರಿಗೆ ಒಂದು ಎತ್ತಿನಗಾಡಿ ಬಂತು. ಇವನು ಎರಡೂ ಕಾಲನ್ನು ನೆಲಕ್ಕೆ ಕೊಟ್ಟು ಚಪ್ಪಲಿ ಉಜ್ಜುತ್ತಾ, ಎತ್ತಿನ ಕೊಂಬಿಗೂ ನನ್ನ ಮೂಗಿಗೂ ಒಂದು ಗೇಣು ಜಾಗ ಉಳಿಸಿ ದಾಟಿಸಿದ.

"ಬ್ರೇಕು ಇದೆ ಅಂದ್ಯಲ್ಲಪ್ಪ?"

"ಅದೆ ಸಾ. ಮನೆ ತಾವ ಅದೆ."

ಸಾಮಾನು ತಂದು ಮನೆಯಲ್ಲಿಟ್ಟಿದ್ದಾನೆ, ಇನ್ನೂ ಹಾಕಿಸಿಲ್ಲ ಅಂದುಕೊಂಡೆ. ಮನೆದೇವರನ್ನು ನೆನೆಯುತ್ತಾ ಕೂತೆ. ಊರು ಬಂತು, ಬೀದಿ ಬಂತು, ಅವನ ಮನೆಯೂ ಕಾಣಿಸಿತು. ಅವನು ಮಾತ್ರ ವೇಗ ಕಡಿಮೆ ಮಾಡುವ ಯೋಚನೆಯಲ್ಲೇ ಇರಲಿಲ್ಲ.

"ಈಗ ಕಾಲು ಎತ್ಕಳಿ ಸಾ" ಅಂದ.

ಯಾಕೆ ಅಂತ ಕೇಳುವ ಮೊದಲೇ ಗಾಡಿ ಹೋಗಿ ಮನೆ ಪಕ್ಕದ ಹುಲ್ಲಿನ ಮೆದೆಗೆ ನುಗ್ಗಿ, ಹೆಡ್‌ಲೈಟಿನ ತನಕ ಒಳಗೆ ಹೋಗಿ ಮೆತ್ತಗೆ ನಿಂತಿತು. ನಾನು ಅವನ ಬೆನ್ನಿಗೆ ಅಂಟಿಕೊಂಡಿದ್ದೆ. ಒಳಗಿನಿಂದ ಅವನ ಹೆಂಡತಿ, ದಿನಾ ಕೇಳುವ ಸದ್ದನ್ನೇ ಕೇಳಿದವಳಂತೆ, "ಬಂದ್ರಾ? ಡಾಕ್ಟ್ರು ಸಿಕ್ಕುದ್ರಾ?" ಅಂದಳು. ಇಳಿದು ನೋಡಿದರೆ ಮೆದೆಯಲ್ಲಿ ಗಾಡಿಯ ಮೂತಿಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಒಂದು ಗೂಡು.

ಬಟ್ಟೆಗೆ ಅಂಟಿದ್ದ ಹುಲ್ಲು ಕೊಡವಿಕೊಂಡು ಎಮ್ಮೆಗೆ ಹೆರಿಗೆ ಮಾಡಿಸಿದೆ. ತಾಯಿ, ಕರು ಎರಡೂ ಚೆನ್ನಾಗಿದ್ದವು. ಹೊರಡುವಾಗ, ಒಂದು ಜೊತೆ ಬ್ರೇಕ್ ಶೂ ಹಾಕಿಸಿಕೊಳ್ಳಯ್ಯ, ಇದು ಸರಿಯಲ್ಲ ಎಂದು ಬುದ್ಧಿ ಹೇಳಿದೆ. ಅವನು ಬಹಳ ಗಂಭೀರವಾಗಿ ಯೋಚಿಸಿ ಹೇಳಿದ.

"ಇದೂ ಚೆನ್ನಾಗೇ ನಿಲ್ತದೆ ಸಾ. ಆದ್ರೆ ಒಂದೇ ತಾಪತ್ರಯ. ಎಮ್ಮೆ ಮೇಯ್ದು ಮೇಯ್ದು ಭತ್ತದ ಕುಯ್ಲು ಬರೋ ಒತ್ಗೆ ಬ್ರೇಕು ಸವ್ದೋಯ್ತದೆ."

ಎಣ್ಣೆಶಾಸ್ತ್ರ

ಇದು ಮದ್ದೂರಿನಲ್ಲಿ ನನ್ನ ಅತ್ತೆಯ ಮನೆಯಲ್ಲಿ ನಡೆದದ್ದು. ಇದನ್ನು ಹೇಳಲು ಶುರುಮಾಡಿದಾಗ ನನ್ನ ಹೆಂಡತಿ, "ನಮ್ಮಮ್ಮನ ಕಥೇನ ನನಗೇ ಹೇಳ್ತೀರಾ" ಅಂದು ಸ್ಕೂಟರಿನ ಬಟನ್ ಒತ್ತಿದಳು. ಆದರೂ ಹೇಳಿದೆ. ಎಚ್ಚರಿಕೆಗೆ ತವರು, ಅತ್ತೆಮನೆ ಅಂತ ಭೇದವಿಲ್ಲ.

ಆಯುಧಪೂಜೆಯ ದಿನ. ನನ್ನ ಭಾವಮೈದ ಆಗಷ್ಟೇ ಡಿಸ್ಕ್ ಬ್ರೇಕಿನ ಹೊಸ ಗಾಡಿ ತಂದಿದ್ದ. ನಮ್ಮ ಅತ್ತೆಯವರದು ಹಳೆಯ ಕ್ರಮ. ಮನೆಯಲ್ಲಿರುವ ಕುಡುಗೋಲು, ಮಚ್ಚು, ಗುದ್ದಲಿ, ಈಳಿಗೆಮಣೆ ಎಲ್ಲ ಕಬ್ಬಿಣಕ್ಕೂ ತೊಳೆದು ಒರೆಸಿ ಹರಳೆಣ್ಣೆ ಸವರಿ, ಆಮೇಲೆ ಕುಂಕುಮ ಇಡಬೇಕು. ಅವರು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದು, ಎಲ್ಲೆಲ್ಲಿ ಕಬ್ಬಿಣ ಬರಿಮೈಯಲ್ಲಿ ಕಾಣಿಸಿತೋ ಅಲ್ಲೆಲ್ಲ ಎಣ್ಣೆ ಹಚ್ಚಿದರು. ಮುಂದಿನ ಚಕ್ರದಲ್ಲಿದ್ದ ತೂತು ತೂತಿನ ಹೊಳೆಯುವ ತಟ್ಟೆ ಅವರಿಗೆ ಬಹಳ ಹಿಡಿಸಿತು. ಬಟ್ಟೆಯನ್ನು ಎಣ್ಣೆಯಲ್ಲಿ ಅದ್ದಿ ಎರಡೂ ಕಡೆ, ಮದುಮಗನಿಗೆ ಹಚ್ಚುವ ಹಾಗೆ ಹಚ್ಚಿದರು. ಆ ತಟ್ಟೆಯನ್ನು ಹಿಡಿದು ನಿಲ್ಲಿಸುವುದೇ ಬ್ರೇಕಿನ ಕೆಲಸ ಅಂತ ಅವರಿಗೆ ಹೇಗೆ ಗೊತ್ತಾಗಬೇಕು?

ನಾನು ಸ್ನಾನ ಮುಗಿಸಿ ಬಂದು ನೋಡಿದವನೇ ಹೌಹಾರಿದೆ. "ಬೇಡ ಕಣೋ, ಒರೆಸದೆ ಹತ್ತಬೇಡ, ಒರೆಸಿದರೂ ಹೋಗಲ್ಲ, ಮೆಕ್ಯಾನಿಕ್ ಕರೆಸೋಣ" ಅಂದೆ. ಭಾವಮೈದ ನಕ್ಕುಬಿಟ್ಟ. "ಭಾವ, ನಿಮಗೆ ದೇವರ ಎಣ್ಣೆಗೂ ಭಯ" ಅಂದ. ಚಕ್ರದ ಕೆಳಗಿನ ನಿಂಬೆಹಣ್ಣು ಚಚ್ಚಿಕೊಂಡು ಹೊರಟೇಬಿಟ್ಟ. ಆ ಬೀದಿ ಇಳಿಜಾರು. ಇಳಿಜಾರಿನ ಕೊನೆಯ ಮನೆಯವರು ಅವರ ಟೆಂಪೋದ ಪೂಜೆ ಮುಗಿಸಿ, ಬೂದುಗುಂಬಳಕ್ಕೆ ಕರ್ಪೂರ ಹಚ್ಚಿ, ಮೂರು ಸಲ ಇಳಿತೆಗೆದು, ಒಡೆಯುವ ಗಳಿಗೆ ಕಾಯುತ್ತಾ ತಲೆಯ ಮೇಲಕ್ಕೆ ಎತ್ತಿದ್ದರು.

ಭಾವಮೈದ ಬ್ರೇಕು ಹಿಡಿದ. ಬ್ರೇಕು ತಟ್ಟೆಯನ್ನು ಹಿಡಿಯಲಿಲ್ಲ, ಸವರಿತು. "ಅಣ್ಣಾ, ಸೈಡು" ಎಂದು ಕೂಗುತ್ತಾ ಅವರಿಗೂ ಟೆಂಪೋಗೂ ನಡುವೆ ತೂರಿ ಹೋಗಿ, ಅತ್ತ ಯಾರೋ ಮನೆ ಕಟ್ಟಲು ಸುರಿದಿದ್ದ ಮರಳಿನ ಗುಡ್ಡೆ ಹತ್ತಿ ಕೂತ. ಕುಂಬಳಕಾಯಿ ಆ ಯಜಮಾನರ ಕೈಯಿಂದ ತಾನೇ ಜಾರಿ ಬಿದ್ದು ಹೋಳಾಯಿತು. ಗಳಿಗೆಗೆ ಇನ್ನೂ ಎರಡು ನಿಮಿಷ ಇತ್ತಂತೆ, ಅಷ್ಟೇ ಅವರ ದುಃಖ.

ಭಾವಮೈದನ ಮೊಣಕೈ ತರಚಿತ್ತು, ಬೇರೇನೂ ಇಲ್ಲ. ಅತ್ತೆಯವರು ಮಗನಿಗೆ ದೃಷ್ಟಿ ತೆಗೆದು, ನನ್ನ ಕಡೆ ತಿರುಗಿದರು.

"ನೋಡಿದ್ರಾ ಅಳಿಯಂದ್ರೆ, ಎಣ್ಣೆ ಹಚ್ಚಿದ್ದಕ್ಕೆ ಅಷ್ಟರಲ್ಲೇ ಹೋಯ್ತು. ಹಚ್ದೇ ಇದ್ದಿದ್ರೆ ಏನ್ ಗತಿ?"

ಹುರುಳಿ

ಮದ್ದೂರು ತಾಲ್ಲೂಕಿನ ಆತಗೂರಿನ ಕಡೆಯ ರಸ್ತೆ. ಒಕ್ಕಣೆ ಕಾಲದಲ್ಲಿ ನಮ್ಮ ಕಡೆ ಹುರುಳಿ, ರಾಗಿ ಎಲ್ಲ ಡಾಂಬರು ರಸ್ತೆಯ ಮೇಲೇ ಹರಡುತ್ತಾರೆ. ಹೋಗಿ ಬರುವ ಗಾಡಿಗಳ ಚಕ್ರವೇ ಕಾಳು ಬಿಡಿಸುವ ರೋಣಗಲ್ಲು. ಸಾಕಷ್ಟು ಗಾಡಿ ಓಡಾಡಿದರೆ ಕಾಳು ಬಿಟ್ಟುಕೊಳ್ಳುತ್ತದೆ, ಯಾರೂ ಬೆವರು ಸುರಿಸಬೇಕಾಗಿಲ್ಲ. ಬೆವರುವವನು ನಾನೊಬ್ಬನೇ. ಒಣಗಿದ ಹುರುಳಿ ಬಳ್ಳಿಯ ಮೇಲೆ ಬ್ರೇಕು ಹಿಡಿದರೆ ಗಾಡಿ ಜಾರುತ್ತದೆ ಅನ್ನುವುದು ನನಗೆ ಚೆನ್ನಾಗಿ ಗೊತ್ತು. ಹಿಡಿಯದೇ ಹೋಗುವ ಧೈರ್ಯವೂ ನನಗಿಲ್ಲ.

ಹಿಡಿದೆ. ಜಾರಿತು. ಗಾಡಿ ಒಂದು ಕಡೆ, ಔಷಧಿಯ ಚೀಲ ಒಂದು ಕಡೆ, ನಾನು ಹುರುಳಿಯ ಮೇಲೆ ಅಂಗಾತ. ಕಣ್ಣು ಬಿಟ್ಟಾಗ ಒಬ್ಬ ಅಜ್ಜಿ ಮೊರ ಹಿಡಿದುಕೊಂಡು ಓಡಿ ಬರುತ್ತಿದ್ದರು. ಪಾಪ, ಎಬ್ಬಿಸಲು ಬರುತ್ತಿದ್ದಾರೆ ಅಂದುಕೊಂಡು ಕೈ ಚಾಚಿದೆ. ಅವರು ನನ್ನನ್ನು ಪಕ್ಕಕ್ಕೆ ಉರುಳಿಸಿ, ನಾನು ಬಿದ್ದಿದ್ದ ಜಾಗದ ಬಳ್ಳಿ ಎತ್ತಿ ನೋಡಿದರು. ಕಾಳು ಚೆನ್ನಾಗಿ ಬಿಟ್ಟುಕೊಂಡಿತ್ತು.

"ಪೆಟ್ಟಾಯ್ತಾ ಮಗ?"

"ಇಲ್ಲ ಅಜ್ಜಿ."

"ಅಂಗಾರೆ ಆ ಕಡೆಗೂ ಒಂದ್ಸಾರಿ ಬೀಳು. ಗಾಡಿ ಮೇಲೋದ್ರೆ ಇಷ್ಟು ಕಾಳು ಬುಡಾಕಿಲ್ಲ."

ಟೈಟು

ಹುರುಳಿಯ ಮೇಲೆ ಬಿದ್ದ ಮೇಲೆ ಮಂಡ್ಯದ ಒಬ್ಬ ಮೆಕ್ಯಾನಿಕ್ ಹತ್ತಿರ ಗಾಡಿ ಸರ್ವೀಸಿಗೆ ಕೊಟ್ಟೆ. ಆಯಿಲ್ ಬದಲಾಯಿಸಿದ, ಚೈನು ಬಿಗಿ ಮಾಡಿದ, ಬ್ರೇಕು ಸರಿಮಾಡಿ "ಒತ್ತಿ ನೋಡಿ ಸಾ" ಅಂದ. ಒತ್ತಿದೆ. ಇನ್ನೊಂದು ಸ್ವಲ್ಪ ಟೈಟು ಮಾಡಪ್ಪ ಅಂದೆ. ಮಾಡಿದ. ಮತ್ತೆ ಒತ್ತಿದೆ. ಇನ್ನೊಂಚೂರು ಅಂದೆ.

"ಸಾ, ಪೆಡಲ್‌ಗೆ ಒಂಚೂರು ಆಟ ಇರ್ಬೇಕು. ಇಲ್ದಿದ್ರೆ ಒತ್ದೇ ಇದ್ರೂ ಹಿಡ್ಕಂಡಿರ್ತದೆ."

"ಹಿಡ್ಕೊಂಡಿರಲಿ ಬಿಡಪ್ಪ, ಬಿಟ್ಟುಕೊಂಡರೇ ನನಗೆ ಭಯ."

ಅವನು ನನ್ನ ಮುಖವನ್ನೊಮ್ಮೆ ನೋಡಿ, ಸ್ಪ್ಯಾನರನ್ನು ನನ್ನ ಕೈಗೇ ಕೊಟ್ಟ. ನಾನು ಮನಸ್ಸಿಗೆ ಸಮಾಧಾನ ಆಗುವಷ್ಟು ತಿರುಗಿಸಿದೆ. ಮದ್ದೂರಿಗೆ ಅರ್ಧ ದಾರಿ ಬರುವಷ್ಟರಲ್ಲಿ ಗಾಡಿ ಏದುಸಿರು ಬಿಡಲು ಶುರುಮಾಡಿತು. ಸುಟ್ಟ ವಾಸನೆ ಬಂತು. ತಿರುಗಿ ನೋಡಿದರೆ ಹಿಂದಿನ ಚಕ್ರದಿಂದ ಹೊಗೆ. ಇಳಿದು ಕುಡಿಯುವ ನೀರನ್ನು ಅದರ ಮೇಲೆ ಸುರಿದೆ. ಚೊಂಯ್ ಎಂದಿತು. ಆಮೇಲೆ ಚಕ್ರ ಮುಂದಕ್ಕೂ ತಿರುಗಲಿಲ್ಲ, ಹಿಂದಕ್ಕೂ ತಿರುಗಲಿಲ್ಲ. ನಾನು ಬಯಸಿದಂಥ ಬ್ರೇಕು ಕೊನೆಗೂ ನನಗೆ ಸಿಕ್ಕಿತ್ತು.

ಬಿಸಿಲಲ್ಲಿ ನಿಂತು ಕೈ ಅಡ್ಡ ಹಾಕಿದೆ. ಎರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡು ಕಾರ್ಖಾನೆಗೆ ಹೋಗುತ್ತಿದ್ದ ಟ್ರ್ಯಾಕ್ಟರು ಬಂತು. ನನ್ನನ್ನು ದಾಟಿ, ಸ್ವಲ್ಪ ದೂರ ಹೋಗಿ ನಿಂತಿತು. ಡ್ರೈವರು ಮತ್ತು ಅವನ ಜೊತೆಗಾರ ಇಳಿದು ಬಂದು, ನನ್ನ ಗಾಡಿಯನ್ನು ಎತ್ತಿ ಕಬ್ಬಿನ ಮೇಲೆ ಮಲಗಿಸಿ ಹಗ್ಗ ಬಿಗಿದರು. ಡ್ರೈವರು ಇಂಜಿನ್ನಿನ ಯಾವುದೋ ಪೈಪು ಬಿಚ್ಚಿ, ಊದಿ, ಹಾಕಿ ಹತ್ತಿ ಕೂತ. ನಾನು ಡ್ರೈವರ ಪಕ್ಕದ ಮಡ್‌ಗಾರ್ಡಿನ ಮೇಲೆ ಕೂತೆ. ಹಿಂದೆ ಅಷ್ಟೊಂದು ಭಾರ, ಮುಂದೆ ಹೆದ್ದಾರಿಯ ಇಳಿಜಾರು. ಕೇಳಬಾರದು ಅಂದುಕೊಂಡೇ ಕೇಳಿದೆ.

"ಇದರ ಬ್ರೇಕು ಹೇಗಿದೆಯಪ್ಪ?"

"ನನ್ಗೇನ್ ಗೊತ್ತು ಸಾ" ಅಂದ ಅವನು. "ಇಷ್ಟು ಕಬ್ಬು ಏರ್ಕಂಡು ಇದು ಮುಂದಕ್ಕೋಗೋದೇ ಎಚ್ಚು. ನಿಲ್ಸೋ ಯೋಚ್ನೆ ನಮ್ಗೆ ಯಾವತ್ತೂ ಬಂದಿಲ್ಲ."

"ಈಗ ನನಗೋಸ್ಕರ ನಿಲ್ಲಿಸಿದೆಯಲ್ಲ?"

"ನಿಮ್ಗೋಸ್ಕರನಾ? ಅದು ಡೀಸೆಲ್ ಪೈಪು ಕಟ್ಕಂಡು ತಾನೇ ನಿಂತ್ಕಂಡಿದ್ದು."

ಕಿರ್

ಈಗ ನನ್ನ ಹೆಂಡತಿಯ ವಿಷಯಕ್ಕೆ ಬರುತ್ತೇನೆ. ಮೇಲಿನವೆಲ್ಲ ಕೇಳಿಯೂ ಅವಳು ಹೆದರಲಿಲ್ಲ. ಒಂದು ಸೋಮವಾರ, ಮೊದಲನೇ ಸಲ ಒಬ್ಬಳೇ ಸ್ಕೂಟರಿನಲ್ಲಿ ಶಾಲೆಗೆ ಹೊರಟಳು. ಹೊರಡುವ ಮೊದಲು ನಾನು ಅವಳ ಸ್ಕೂಟರಿನ ಮುಂದಿನ ಬ್ರೇಕು, ಹಿಂದಿನ ಬ್ರೇಕು, ಟೈರಿನ ಗಾಳಿ, ದೀಪ, ಹಾರನ್ನು ಎಲ್ಲ ನೋಡಿದೆ. ಗೇಟಿನ ತನಕ ತಳ್ಳಿ ಬ್ರೇಕು ಹಿಡಿಸಿ ನೋಡಿದೆ. ಅವಳು ಬೀದಿಯ ತಿರುವು ದಾಟಿದ ಕೂಡಲೇ ನನ್ನ ಗಾಡಿ ಹತ್ತಿ ಹಿಂದೆಯೇ ಹೊರಟೆ.

ಅವಳಿಗೆ ಗೊತ್ತಾದರೆ ಮಾನ ಉಳಿಯುವುದಿಲ್ಲ. ಅದಕ್ಕೆ ಮುಖ ಮುಚ್ಚುವ ಹೆಲ್ಮೆಟ್ಟು, ಮೇಲೊಂದು ಮಳೆಕೋಟು. ಒಂದು ಗದ್ದೆಯಷ್ಟು ದೂರ ಬಿಟ್ಟು ಹೋಗುತ್ತಿದ್ದೆ. ನನ್ನ ಆಸ್ಪತ್ರೆ ಇರುವುದು ಮದ್ದೂರು ರಸ್ತೆಯ ಕಡೆ. ಕಿರುಗಾವಲಿನ ಕಡೆ ನನ್ನ ಗುರುತಿನ ಒಂದು ಹಸುವೂ ಇಲ್ಲ, ಯಾರೂ ನನ್ನನ್ನು ಪತ್ತೆ ಹಚ್ಚುವಂತಿರಲಿಲ್ಲ.

ಅವಳು ಎಷ್ಟು ನಿಧಾನವಾಗಿ ಹೋದಳೆಂದರೆ, ಹಾಲಿನ ಕ್ಯಾನು ನೇತುಹಾಕಿಕೊಂಡವನು ಅವಳನ್ನು ಹಿಂದೆ ಹಾಕಿದ, ಸೈಕಲ್ಲಿನ ಮೇಲೆ ಹುಲ್ಲಿನ ಹೊರೆ ಇಟ್ಟುಕೊಂಡಿದ್ದ ಮುದುಕರೂ ಹಿಂದೆ ಹಾಕಿದರು. ನನಗೆ ಕಣ್ಣು ತುಂಬಿ ಬಂತು. ನನ್ನ ಮಾತು ವ್ಯರ್ಥವಾಗಿರಲಿಲ್ಲ.

ಅಷ್ಟರಲ್ಲಿ ಕಿರುಗಾವಲಿನ ಬಸ್ ನಿಲ್ದಾಣ ಬಂತು. ಜನ ಅಡ್ಡ ಬಂದರು. ಅವಳು ಬ್ರೇಕು ಹಿಡಿದಳು, ಹಿಂದೆ ನಾನೂ ಹಿಡಿದೆ. "ಕಿರ್ರ್" ಎಂದಿತು.

ಹೊಸ ಸ್ಕೂಟರಿನ ಬ್ರೇಕಿನಲ್ಲಿ ಆ ಸದ್ದು ಯಾಕೆ? ಮುಂದೆ ಹಸು ಅಡ್ಡ ಬಂದಾಗ ಅವಳು ಹಿಡಿದಳು, ಕಿರ್ರ್. ಶಾಲೆಯ ತಿರುವಿನಲ್ಲಿ ಹಿಡಿದಳು, ಕಿರ್ರ್. ಅವಳು ಗೇಟಿನೊಳಗೆ ಹೋಗುವುದನ್ನು ನೋಡಿ ವಾಪಸ್ಸು ಬಂದೆ. ಆಸ್ಪತ್ರೆಯಲ್ಲಿ ಒಬ್ಬರ ಹಸುವಿಗೆ ಕೊಡಬೇಕಾದ ಸೂಜಿಯನ್ನು ಕೈಯಲ್ಲಿ ಹಿಡಿದುಕೊಂಡು ಅದೇ ಯೋಚನೆಯಲ್ಲಿ ನಿಂತಿದ್ದೆನಂತೆ. ಡಾಕ್ಟರು ಬಂದು ಅದನ್ನು ನನ್ನ ಕೈಯಿಂದ ತೆಗೆದುಕೊಂಡರು.

ಸಂಜೆ ಅವಳಿಗೆ ಹೇಗೆ ಹೇಳುವುದು? ಎಲ್ಲಿ ಕೇಳಿದಿರಿ ಅಂದರೆ ಏನನ್ನಲಿ?

"ನಿನ್ನ ಸ್ಕೂಟರಿನಲ್ಲಿ ಏನೋ ಸದ್ದು ಬರುತ್ತೆ" ಅಂದೆ.

"ನೀವೆಲ್ಲಿ ಕೇಳಿದ್ರಿ?"

"ಹೀಗೇ, ಗೇಟಿನ ಹತ್ತಿರ."

ಅವಳು ನನ್ನನ್ನೇ ಸ್ವಲ್ಪ ಹೊತ್ತು ನೋಡಿದಳು. "ಸರಿ, ಮೆಕ್ಯಾನಿಕ್‌ಗೆ ತೋರಿಸಿ. ಹಾಗೇ ನಿಮ್ಮ ಗಾಡೀನೂ ಒಂದ್ಸಲ ತೋರಿಸಿಬಿಡಿ" ಅಂದಳು.

"ನನ್ನದಕ್ಕೇನಾಗಿದೆ? ಮೊದಲು ನಿನ್ನದು ನೋಡೋಣ."

ಮಳವಳ್ಳಿಯ ಮೆಕ್ಯಾನಿಕ್ ಚಕ್ರ ಬಿಚ್ಚಿ, ಧೂಳು ಊದಿ, ಏನೂ ಇಲ್ಲ ಅಂದ. ಮರುದಿನವೂ ಕಿರ್ರ್. ಸಂಜೆ ಮತ್ತೆ ಹೋಗಿ, ಹೊಸ ಸ್ಕೂಟರಿಗೆ ಇನ್ನೂ ಹೊಸ ಬ್ರೇಕ್ ಶೂ ಹಾಕಿಸಿದೆ. ಮರುದಿನ ಸದ್ದು ಇನ್ನೂ ಜೋರಾಯಿತು. ಕೇಬಲ್ ಬದಲಾಯಿಸು ಅಂದೆ. ಅವನು ಸ್ಕೂಟರಿನ ಮೇಲೆ ಕೂತು ಅಂಗಡಿಯ ಮುಂದೆ ಓಡಿಸಿ, ಹಿಡಿದು, ಓಡಿಸಿ, ಹಿಡಿದು ತೋರಿಸಿದ. ಬೆಕ್ಕು ನಡೆದ ಹಾಗೆ, ಒಂದು ಸದ್ದಿಲ್ಲ.

"ಸಾ, ಬೇಜಾರ್ ಮಾಡ್ಕಬೇಡಿ" ಅಂದ. "ಸದ್ದು ಸ್ಕೂಟ್ರಲ್ಲಿಲ್ಲ. ನಿಮ್ ತಲೇಲಿ ಬತ್ತಾ ಅದೆ."

ಇದ್ದರೂ ಇರಬಹುದು ಅನ್ನಿಸಿತು. ನನ್ನ ಅಜ್ಜಿಯ ಕಡೆಯಲ್ಲಿ ಒಬ್ಬರಿಗೆ ಗಂಟೆ ಸದ್ದು ಕೇಳಿಸುತ್ತಿತ್ತಂತೆ. ಆದರೆ ಹಿಂಬಾಲಿಸುವುದನ್ನು ಮಾತ್ರ ಬಿಡಲಿಲ್ಲ. ಅವಳ ಬ್ರೇಕು ಕೈಕೊಡುವ ಹೊತ್ತಿಗೆ ನಾನು ಹತ್ತಿರ ಇರಬೇಕು, ಅಷ್ಟೇ. ಹತ್ತಿರ ಇದ್ದು ಏನು ಮಾಡುತ್ತೇನೆ ಅಂತ ಯೋಚಿಸಿರಲಿಲ್ಲ.

ಅವಳ ಶಾಲೆಗೆ ಸ್ವಲ್ಪ ಹಿಂದೆ ಒಂದು ಅರಳಿಕಟ್ಟೆ. ಅಲ್ಲಿ ದಿನಾ ಒಂದಷ್ಟು ಜನ ಕೂತಿರುತ್ತಿದ್ದರು, ನಾನು ಅವರನ್ನು ಲೆಕ್ಕಕ್ಕೇ ಇಟ್ಟುಕೊಂಡಿರಲಿಲ್ಲ. ಅವರು ನನ್ನನ್ನು ಇಟ್ಟುಕೊಂಡಿದ್ದರು. ಟೀಚರಮ್ಮ ಬರುವುದು, ಅವರ ಹಿಂದೆ ಮುಖ ಮುಚ್ಚಿಕೊಂಡ ಒಬ್ಬ ಮಳೆಯಿಲ್ಲದ ದಿನವೂ ಮಳೆಕೋಟು ಹಾಕಿಕೊಂಡು ಬರುವುದು, ಟೀಚರಮ್ಮ ನಿಂತರೆ ಅವನೂ ನಿಲ್ಲುವುದು, ಶಾಲೆಯ ಗೇಟು ನೋಡಿ ತಿರುಗಿ ಹೋಗುವುದು. ಅವರ ಮಕ್ಕಳು ಓದುವ ಶಾಲೆಯ ಟೀಚರಮ್ಮ. ಅವರು ಸುಮ್ಮನಿರುತ್ತಾರೆಯೇ?

ಆ ದಿನ ಅವರೆಲ್ಲ ರಸ್ತೆಗಿಳಿದು ನಿಂತಿದ್ದರು. ನನ್ನ ಹೆಂಡತಿಗೆ ನಮಸ್ಕಾರ ಹೇಳಿ ದಾರಿ ಬಿಟ್ಟರು. ಅವಳು ದಾಟಿದ ಕೂಡಲೇ ರಸ್ತೆಗೆ ಅಡ್ಡಲಾಗಿ ಸಾಲು ಕಟ್ಟಿದರು. ಒಬ್ಬರ ಕೈಯಲ್ಲಿ ಗುದ್ದಲಿ, ಇನ್ನೊಬ್ಬರು ಪಂಚೆ ಮೇಲೆತ್ತಿ ಕಟ್ಟಿ ಅಂಗೈ ತೋರಿಸಿ, "ನಿಲ್ಸ್ಲಾ" ಎಂದರು.

ಬ್ರೇಕು ಒತ್ತಿದೆ. ಕಿರ್ ಅನ್ನಲಿಲ್ಲ. ಸದ್ಯ, ಕೊನೆಗೂ ಆ ಹಾಳು ಸದ್ದು ನಿಂತಿತಲ್ಲ ಎಂದು ನನ್ನ ಮನಸ್ಸಿಗೆ ಎಷ್ಟೋ ಹಗುರವಾಯಿತು.

ಮರುಗಳಿಗೆಯಲ್ಲಿ ಪೆಡಲು ತಳ ಮುಟ್ಟಿತು. ಗಾಡಿ ಮಾತ್ರ ಹಾಗೇ ಹೋಗುತ್ತಿತ್ತು. ಮುಂದಿನ ಬ್ರೇಕು ಇದೆಯಲ್ಲ ಅನ್ನಬಹುದು. ಮುಂದಿನದು ಹಿಡಿದರೆ ಮಗುಚಿ ಬೀಳುತ್ತೇವೆಂಬ ಭಯಕ್ಕೆ ನಾನು ಅದನ್ನು ವರ್ಷಗಟ್ಟಲೆ ಮುಟ್ಟಿದವನೇ ಅಲ್ಲ. ಈಗ ಜೀವ ಬಿಟ್ಟು ಹಿಡಿದೆ. ತುಕ್ಕು ತಿಂದ ಕೇಬಲ್ಲು ಮಿಸುಕಲಿಲ್ಲ. "ಬ್ರೇಕಿಲ್ಲ, ದಾರಿ ಬಿಡಿ" ಎಂದು ಕೂಗಿದೆ. ಹೆಲ್ಮೆಟ್ಟಿನೊಳಗಿಂದ ಅದು ಅವರಿಗೆ ಹೇಗೆ ಕೇಳಿಸಿತೋ, ಯಾರೂ ಕದಲಲಿಲ್ಲ. ಹ್ಯಾಂಡಲ್ಲನ್ನು ಪಕ್ಕಕ್ಕೆ ಎಳೆದುಬಿಟ್ಟೆ. ನಾಟಿಗೆ ಹದ ಮಾಡಿ ಬಿಟ್ಟಿದ್ದ ಗದ್ದೆ. ಗಾಡಿ ಬದುವಿನ ಹತ್ತಿರವೇ ಕೆಸರಲ್ಲಿ ಹೂತುಕೊಂಡಿತು. ನಾನು ಇನ್ನೂ ಸ್ವಲ್ಪ ಮುಂದಕ್ಕೆ ಹೋದೆ.

ನಾಲ್ಕು ಕೈಗಳು ನನ್ನನ್ನು ಎತ್ತಿ ನಿಲ್ಲಿಸಿ ಹೆಲ್ಮೆಟ್ಟು ಕಿತ್ತವು. ಕೆಸರು ಅದರೊಳಗೂ ನುಗ್ಗಿತ್ತು.

"ಯಾರ್ಲಾ ನೀನು? ದಿನಾ ಮೇಡಮ್ಮೋರ ಇಂದೆ ಬತ್ತೀಯಲ್ಲ, ಏನ್ಲಾ ನಿನ್ ಸಮಾಚಾರ?"

ಬಾಯಿಂದ ಕೆಸರು ಉಗಿದು, "ನಾನು ಅವರ ಯಜಮಾನ" ಅಂದೆ.

"ಯಜಮಾನ ಆದೋನು ಕದ್ದು ಯಾಕ್ಲಾ ಬತ್ತಾನೆ?" ಅಂದರು ಒಬ್ಬ ಹಿರಿಯರು. ಎಲ್ಲರೂ ನನ್ನ ಉತ್ತರಕ್ಕೆ ಕಾದರು. ನಾನು ಕಿವಿಯೊಳಗಿನ ಕೆಸರು ತೆಗೆಯತೊಡಗಿದೆ.

ಗಲಾಟೆ ಕೇಳಿ ಅವಳು ಸ್ಕೂಟರ್ ತಿರುಗಿಸಿಕೊಂಡು ಬಂದಳು. ನಮ್ಮ ಮುಂದೆ ಬಂದು ಬ್ರೇಕು ಹಿಡಿದು ನಿಂತಳು. ಸದ್ದೇ ಇಲ್ಲ. ಆ ಕಿರ್ ಯಾರ ಗಾಡಿಯದು ಅಂತ ನನಗೆ ಹೊಳೆದದ್ದು ಆಗ, ಮೊಣಕಾಲ ತನಕ ಕೆಸರಿನಲ್ಲಿ ನಿಂತು.

"ಮೇಡಮ್ಮೋರೆ, ಈವಯ್ಯ ನಿಮ್ಗೆ ಗೊತ್ತಾ?"

ಅವಳು ಸ್ಕೂಟರಿಗೆ ಸ್ಟ್ಯಾಂಡ್ ಹಾಕಿ, ಹೆಲ್ಮೆಟ್ಟು ತೆಗೆದು, ಸೆರಗು ಸರಿಮಾಡಿಕೊಂಡು ನನ್ನನ್ನು ನೋಡಿದಳು. ಅವಸರವೇ ಇಲ್ಲ.

"ಮುಖ ತೊಳೆಸಿ, ನೋಡಿ ಹೇಳ್ತೀನಿ" ಅಂದಳು.

ಕಾಲುವೆ ನೀರು ತಂದು ಎರಚಿದರು.

"ಗೊತ್ತು. ನಮ್ಮ ಮನೆಯವರು."

ಹಿಡಿದಿದ್ದ ಕೈಗಳು ಬಿಟ್ಟವು. ಎಲ್ಲರೂ ಒಟ್ಟಿಗೆ ನನ್ನ ಬಟ್ಟೆ ಒರೆಸಲು ಬಂದರು. ಹಿರಿಯರಿಗೆ ಬಹಳ ಸಂಕೋಚವಾಯಿತು.

"ತೆಪ್ಪು ತಿಳ್ಕಬೇಡಿ ಸಾ. ನಿಮ್ ಗಾಡಿ ಟ್ಯಾಕ್ಟ್ರು ಕೊಟ್ಟು ಎಳುಸ್ತೀವಿ. ಆದ್ರೂ ಒಂದ್ ಮಾತು ಯೋಳ್ತೀನಿ. ಎಂಡ್ತಿ ಕಾಯೋಕೆ ಬರೋರು ಬ್ರೇಕಾದ್ರೂ ನೋಡ್ಕಂಡು ಬರದಲ್ವಾ?"

ನಾನು ತಲೆ ತಗ್ಗಿಸಿ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕೂತೆ. ಶಾಲೆಯ ನಲ್ಲಿಯಲ್ಲಿ ಸ್ನಾನ ಮಾಡಿಕೊಳ್ಳಿ ಅಂದಳು. ಹೊರಟಳು. ಹೊರಟಳು ಅಂದರೆ, ತೆಂಗಿನಮರಗಳು ಹಿಂದಕ್ಕೆ ಓಡಲು ಶುರುಮಾಡಿದವು. ಮಾಮೂಲಿನಂತೆ ನಮ್ಮನ್ನು ಹಿಂದೆ ಹಾಕಿ ಹೋಗಿ, ಗಲಾಟೆ ನೋಡಲು ನಿಂತು ಆಗಷ್ಟೇ ಹೊರಟಿದ್ದ ಹಾಲಿನ ಕ್ಯಾನಿನವನನ್ನು ಈ ಸಲ ನಾವು ಹಿಂದೆ ಹಾಕಿದೆವು. ಅವನು ಬೆಚ್ಚಿಬಿದ್ದು ನೋಡಿದ. ಜೀವ ಬಾಯಿಗೆ ಬಂತು.

"ನಿಧಾನ, ನಿಧಾನ" ಅಂದೆ. "ದಿನಾ ಎಷ್ಟು ನಿಧಾನವಾಗಿ ಹೋಗ್ತಿದ್ದೆ. ಇವತ್ತೇನು ಬಂತು ನಿನಗೆ?"

ಅವಳು ಹಿಂದಕ್ಕೆ ತಿರುಗಲಿಲ್ಲ.

"ಮೊದಲನೇ ದಿನ ಮಳವಳ್ಳಿ ದಾಟೋ ಮೊದಲೇ ಕನ್ನಡೀಲಿ ನಿಮ್ಮ ಮಳೆಕೋಟು ಕಂಡು ನಿಧಾನ ಮಾಡಿದೆ. ಕಿರುಗಾವಲಿನಲ್ಲಿ ನಿಮ್ಮ ಗಾಡಿ ಕಿರ್ ಅಂದಿದ್ದು ಕೇಳಿಸ್ತು. ಇವರ ಬ್ರೇಕ್ ಹೋಗಿದೆ ಅಂತ ಗೊತ್ತಾಯ್ತು. ತೋರಿಸಿ ಅಂದ್ರೆ ನನ್ನ ಸ್ಕೂಟರನ್ನೇ ತಗೊಂಡು ಹೋಗ್ತಿದ್ರಿ. ನಾನು ಜೋರಾಗಿ ಹೋದ್ರೆ ನೀವೂ ಹಿಂದೆ ಜೋರಾಗಿ ಬರ್ತೀರಿ, ಎಲ್ಲಾದ್ರೂ ಬಿದ್ದು ಏನಾದ್ರೂ ಮಾಡ್ಕೋತೀರಿ ಅಂತ ಜೀವ ಕೈಯಲ್ಲಿ ಹಿಡ್ಕೊಂಡು, ದಿನಾ ಆಮೆ ಥರ ಹೋಗಿ, ದಿನಾ ಹೆಡ್‌ಮಾಸ್ಟರ ಹತ್ರ ಬೈಸ್ಕೊಂಡೆ. ಇವತ್ತೊಂದು ದಿನ ಬ್ರೇಕಿರೋ ಗಾಡೀಲಿ ಕೂತಿದ್ದೀರಿ. ಬಾಯಿ ಮುಚ್ಕೊಂಡು ಗಟ್ಟಿಯಾಗಿ ಹಿಡ್ಕೊಳ್ಳಿ."